ಮೂರು ಫ್ಲೈ ರಾಡುಗಳು ಮತ್ತು ಅಮ್ಮೋರ ಇಂಬಳದ ಎಣ್ಣೆ

ಕೊರೋನಾದ ಗದ್ದಲ ಅಡಗಿ, ಬಣಕಲ್ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳು ಮತ್ತೆ ಸಾಲುಗಟ್ಟತೊಡಗಿದ್ದ ವರ್ಷ ಅದು. ನಾನು ಆಗ ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನ ಹೋಂಸ್ಟೇಯಲ್ಲಿ ‘ಆ್ಯಕ್ಟಿವಿಟಿ ಮ್ಯಾನೇಜರ್’ ಆಗಿದ್ದೆ. ಹೆಸರು ದೊಡ್ಡದು. ಕೆಲಸ ಅಂದರೆ ಅತಿಥಿಗಳನ್ನು ಜೀಪಿನಲ್ಲಿ ಗುಡ್ಡ ಹತ್ತಿಸುವುದು, ಇಳಿಸುವುದು, ಅವರು ಕಾಫಿ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು ‘ಇದರಲ್ಲಿ ಕಾಫಿ ರುಚಿಯೇ ಇಲ್ಲವಲ್ಲ’ ಎಂದಾಗ ಮೊದಲ ಸಲ ಕೇಳಿದವನಂತೆ ನಗುವುದು. ಅದಕ್ಕೂ ಮುಂಚೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಾವೇರಿ ದಂಡೆಯ ಗಾಳದ ಕ್ಯಾಂಪುಗಳಲ್ಲಿ ಗೈಡ್ ಆಗಿ, ಆಮೇಲೆ ಗೈಡುಗಳಿಗೆ ಕಲಿಸುವವನಾಗಿ ದುಡಿದಿದ್ದೆ. ಕ್ಯಾಂಪುಗಳು ಒಂದೊಂದಾಗಿ ಮುಚ್ಚಿದ ಮೇಲೆ ಮೂಡಿಗೆರೆಗೆ ವಾಪಸು ಬಂದವನು ನಾನು. ನನ್ನ ಹೆಂಡತಿಯ ಕಡೆಯವರಿಗೆ ನನ್ನ ಕಸುಬು ಕೊನೆಗೂ ಅರ್ಥವಾಗಲಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರಾ ಎಂದು ಅವರು ಇವತ್ತಿಗೂ ಕೇಳುತ್ತಾರೆ.

ಎಸ್ಟೇಟಿನ ಮಾಲೀಕರನ್ನು ಇಲ್ಲಿ ಧನಂಜಯ ಗೌಡರು ಎಂದು ಕರೆಯುತ್ತೇನೆ. ನಿಜ ಹೆಸರು ಬೇಡ. ಅವರ ತೋಟದ ಕೆಳಗಿನ ಅಂಚಿನಲ್ಲಿ, ಭದ್ರೆಗೆ ಸೇರುವ ಒಂದು ಹೊಳೆ ಬಂಡೆಗಳ ನಡುವೆ ಸುಮಾರು ಅರ್ಧ ಮೈಲಿ ಹರಿಯುತ್ತದೆ. ಮಳೆಗಾಲ ಕಳೆದು ನೀರು ತಿಳಿಯಾದಾಗ ಗುಂಡಿಗಳಲ್ಲಿ ಗೆಂಡೆ ಮೀನು, ನಡುನಡುವೆ ದೊಡ್ಡ ಜಾತಿಯ ಮಶೀರ್ ಮೀನು ಮೇಲೆದ್ದು ಮುಳುಗುವುದು ಕಾಣುತ್ತಿತ್ತು. ಒಂದು ದಿನ ಗೌಡರು ಕಳಸದಿಂದ ಬಂದವರೇ ಜೀಪಿಳಿಯುವ ಮೊದಲೇ ನನ್ನನ್ನು ಕರೆದರು.

“ಏನ್ರೀ, ನಿಮ್ಗೆ ಆ ಫ್ಲೈ ಫಿಶಿಂಗ್ ಬರತ್ತಂತಲ್ಲ?”

ಬರುತ್ತದೆ ಎಂದೆ. ಬೆಂಗಳೂರಿನ ಒಂದು ಟೂರ್ ಕಂಪನಿ ಹಿಡಿದ ಮೀನನ್ನು ಬಿಡುವ ಫ್ಲೈ ಫಿಶಿಂಗಿಗೆ ಜಾಗ ಹುಡುಕುತ್ತಿದೆ, ಇಷ್ಟವಾದರೆ ಸೀಸನ್ ಪೂರ್ತಿ ಅತಿಥಿಗಳನ್ನು ಕಳಿಸುತ್ತದೆ, ಅನುಮತಿಯ ವಿಷಯ ತಾನೇ ನೋಡಿಕೊಳ್ಳುತ್ತೇನೆ ಎಂದರು ಗೌಡರು. “ಮೂರು ಸೆಟ್ ತಗೊಳ್ಳಿ. ಅರವತ್ತು ಸಾವಿರ ಕೊಡ್ತೀನಿ. ಅದ್ರ ಮೇಲೆ ನಯಾಪೈಸೆ ಕೇಳ್ಬೇಡಿ.”

ಮೂರು ಸೆಟ್ಟಿಗೆ ಅರವತ್ತು ಸಾವಿರ ಎಂದರೆ ಏನೂ ಅಲ್ಲ. ಶೋಕಿಯ ಒಂದೇ ರಾಡಿಗೆ ಅಷ್ಟು ಕೊಡುವ ಅತಿಥಿಗಳನ್ನು ನಾನು ಕಂಡಿದ್ದೇನೆ. ಆದರೆ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಸಾಮಾನು ಹೊಂದಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿತ್ತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಮಾಮೂಲಿ ಗಾಳದಲ್ಲಿ ಎಸೆತಕ್ಕೆ ಬಲ ಕೊಡುವುದು ತುದಿಯ ಸೀಸದ ಗುಂಡು, ಇಲ್ಲವೇ ರಾಗಿ ಹಿಟ್ಟಿನ ಉಂಡೆ. ಭಾರ ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ತುದಿಗೆ ಇರುವುದು ಕೋಳಿ ಗರಿ, ನೂಲು ಸುತ್ತಿ ಹುಳುವಿನಂತೆ ಮಾಡಿದ ಸಣ್ಣ ಕೊಕ್ಕೆ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರಕ್ಕೇ ತೂಕ ಕೊಟ್ಟಿರುತ್ತಾರೆ. ಒಳಗೆ ಗಟ್ಟಿ ನೂಲು, ಅದರ ಮೇಲೆ ನುಣ್ಣನೆಯ ಪ್ಲಾಸ್ಟಿಕ್ ಹೊದಿಕೆ. ಇದಕ್ಕೆ ಫ್ಲೈ ಲೈನ್ ಎನ್ನುತ್ತಾರೆ. ಎಸೆಯುವುದು ಈ ಲೈನನ್ನೇ ಹೊರತು ಕೊಕ್ಕೆಯನ್ನಲ್ಲ. ರಾಡಿಗೆ ಒಂದು ನಂಬರ್ ಇರುತ್ತದೆ, ಲೈನಿಗೂ ಇರುತ್ತದೆ. ಎಂಟನೇ ನಂಬರಿನ ರಾಡಿಗೆ ಎಂಟನೇ ನಂಬರಿನ ಲೈನನ್ನೇ ಹಾಕಬೇಕು. ಐದರದು ಹಾಕಿದರೆ ರಾಡ್ ಬಾಗುವುದೇ ಇಲ್ಲ, ಎಸೆದ ಲೈನ್ ಕಾಲ ಬುಡದಲ್ಲೇ ಬಿದ್ದುಕೊಳ್ಳುತ್ತದೆ.

ಹಾಗಾಗಿ ದುಡ್ಡು ಕಡಿಮೆ ಇದ್ದಾಗ ರಾಡಿನಲ್ಲಿ ಉಳಿಸಿ, ಲೈನಿಗೆ ಸುರಿಯಬೇಕು. ಸಾಧಾರಣ ರಾಡಿಗೆ ಒಳ್ಳೆಯ ಲೈನ್ ಹಾಕಿದರೆ ಕಲಿಯುವವನೂ ಎಸೆಯಬಲ್ಲ. ಬೆಲೆಬಾಳುವ ರಾಡಿಗೆ ಕಳಪೆ ಲೈನ್ ಹಾಕಿದರೆ ಕಲಿತವನಿಗೂ ಎಸೆಯಲಾಗುವುದಿಲ್ಲ. ಇದನ್ನು ಗೌಡರಿಗೆ ಹೇಳಿದರೆ ಅವರು ಫೋನ್ ತೆಗೆದು ಒಂದು ಆಫರ್ ತೋರಿಸಿದರು. ಹೊಳೆಯುವ ಕೆಂಪು ರಾಡ್, ಜತೆಗೆ ರೀಲ್.

“ಲೈನ್ ಫ್ರೀ ಕೊಡ್ತಾರಲ್ರೀ. ನೀವು ನೋಡಿದ್ರೆ ದಾರಕ್ಕೇ ದುಡ್ಡು ಹಾಕ್ಬೇಕು ಅಂತೀರಿ.”

“ಫ್ರೀ ಕೊಡೋ ಲೈನಲ್ಲಿ ಬಟ್ಟೆ ಒಣಗಿಸ್ಬಹುದು ಗೌಡ್ರೇ” ಎಂದೆ. ಅವರಿಗೆ ಸಿಟ್ಟು ಬಂತು. ನನಗೂ ಬಂದಿತ್ತು. ಕೊನೆಗೆ, ಹಾಳಾದರೆ ನಿಮ್ಮನ್ನೇ ಕೇಳುತ್ತೇನೆ ಎಂಬ ಎಚ್ಚರಿಕೆಯೊಂದಿಗೆ ನನ್ನ ಪಾಡಿಗೆ ಬಿಟ್ಟರು.

ಬಸ್ಸು ಹತ್ತಿ ಬೆಂಗಳೂರಿಗೆ ಹೋದೆ. ಪರಿಚಯದ ಅಂಗಡಿಯಲ್ಲಿ ಒಂಬತ್ತಡಿಯ, ನಾಲ್ಕು ತುಂಡಾಗಿ ಬಿಚ್ಚುವ, ಎಂಟನೇ ನಂಬರಿನ ಮೂರು ಸಾದಾ ರಾಡುಗಳನ್ನು ಆರಿಸಿದೆ. ಒಂದೊಂದು ಜೋಡಣೆಯನ್ನೂ ಕೂಡಿಸಿ ಬಿಚ್ಚಿ ನೋಡಿದೆ. ಲೈನ್ ಹಾದುಹೋಗಲು ರಾಡಿನ ಉದ್ದಕ್ಕೂ ಇರುವ ಬಳೆಗಳೊಳಗೆ ಹತ್ತಿಯ ಎಳೆ ಹಾಯಿಸಿದೆ. ಬಳೆಯಲ್ಲಿ ಕಣ್ಣಿಗೆ ಕಾಣದ ಗೀರಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ, ಅಂಥ ಬಳೆ ಲೈನನ್ನು ದಿನವೂ ಸವೆಸುತ್ತದೆ. ಎರಡು ರಾಡ್ ಹಾಗೆ ವಾಪಸು ಕೊಟ್ಟೆ. ಅಂಗಡಿಯವನ ಮುಖ ಸಪ್ಪಗಾಯಿತು, ಆಗಲಿ. ರೀಲಿನಲ್ಲಿ ನೋಡಿದ್ದು ಬ್ರೇಕು ನಯವಾಗಿ ಹಿಡಿಯುತ್ತದೆಯೇ ಎಂದು ಮಾತ್ರ. ಉಳಿದ ದುಡ್ಡಿನ ದೊಡ್ಡ ಪಾಲನ್ನು ಮೂರು ಒಳ್ಳೆಯ ಲೈನುಗಳಿಗೆ ಹಾಕಿದೆ. ಬಿಸಿಲೂರಿಗೆಂದೇ ತಯಾರಾದ, ಸೆಕೆಯಲ್ಲಿ ಮೆತ್ತಗಾಗದ ಲೈನುಗಳು. ಅರವತ್ತು ಸಾವಿರದಲ್ಲಿ ಬಸ್ ಚಾರ್ಜಿಗೂ ಮಿಕ್ಕಿತು. ಇಂದಿಗೂ ಹೇಳುತ್ತೇನೆ, ಅದಕ್ಕಿಂತ ಒಳ್ಳೆಯ ಆಯ್ಕೆ ಆ ದುಡ್ಡಿಗೆ ಸಾಧ್ಯವಿರಲಿಲ್ಲ.

ಇನ್ನು ಬೇಕಾದದ್ದು ನದಿಗೆ ಕರೆದೊಯ್ಯುವ ಗೈಡ್. ನಾನು ಮಂಜಯ್ಯನ ಹೆಸರು ಹೇಳಿದೆ.

ಮಂಜಯ್ಯ ಆ ಎಸ್ಟೇಟಿನಲ್ಲೇ ಹುಟ್ಟಿ ಬೆಳೆದವನು, ಆಗ ನಲವತ್ತೈದರ ಆಸುಪಾಸು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸು ಕೊಯ್ಯುವವನಾಗಿದ್ದ. ಹಿಂದಿನ ವರ್ಷ ಏಣಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ನಡೆಯಬಲ್ಲವನಾಗಿದ್ದ, ಮರ ಹತ್ತಲಾರದವನಾಗಿದ್ದ. ಎಸ್ಟೇಟಿನ ನಿಯಮ ಗೊತ್ತಲ್ಲ, ಕೆಲಸ ಇದ್ದವರಿಗೆ ಮಾತ್ರ ಕ್ವಾರ್ಟರ್ಸ್. ಆಸ್ಪತ್ರೆಯಿಂದ ಬಂದ ಮೇಲೆ ಅವನಿಗೆ ಗಟ್ಟಿ ಕೆಲಸವಿರಲಿಲ್ಲ. ಗೋದಾಮಿನ ಹತ್ತಿರ ಅದು ಇದು ಮಾಡಿಕೊಂಡಿದ್ದ. ಕೊಯ್ಲಿಗೆ ಹೊರಗಿನ ಆಳುಗಳು ಬಂದರೆ ಮನೆ ಬಿಟ್ಟುಕೊಡಬೇಕಾಗುತ್ತದೆ ಎಂದು ಮೇಸ್ತ್ರಿ ಆಗಲೇ ಎರಡು ಸಲ ಹೇಳಿಯಾಗಿತ್ತು. ಗಂಡ, ಹೆಂಡತಿ, ಹೆಂಡತಿಯ ತಾಯಿ ಆ ಎರಡು ಕೋಣೆಗಳಲ್ಲಿದ್ದರು. ಬೇರೆ ಕಡೆ ಅವರಿಗೆ ಗೇಣು ಜಾಗ ಇರಲಿಲ್ಲ.

“ನೋಡುವ” ಎಂದರು ಗೌಡರು. “ಕಂಪನಿಯವ್ರು ಒಪ್ಪಿದ್ರೆ ಅವ್ನು ಪರ್ಮನೆಂಟ್. ಮನೇನೂ ಅವನ್ದೇ. ಇಲ್ದಿದ್ರೆ ನಾನೇನು ಮಾಡ್ಲಿ, ನೀವೇ ಹೇಳಿ.”

ಸೆಪ್ಟೆಂಬರ್ ಪೂರ್ತಿ ಅವನಿಗೆ ಕಾಫಿ ಒಣಗಿಸುವ ಕಣದಲ್ಲಿ ಕಲಿಸಿದೆ. ಮಳೆ ಬಿಟ್ಟ ಹೊತ್ತು ನೋಡಿ, ಕೊಕ್ಕೆ ಇಲ್ಲದೆ, ತುದಿಗೆ ಕೆಂಪು ಉಲ್ಲನ್ನಿನ ತುಂಡು ಕಟ್ಟಿ ಎಸೆಯುವುದು. ಮೊದಲ ವಾರ ಲೈನೆಲ್ಲ ಅವನ ಕುತ್ತಿಗೆಗೇ ಸುತ್ತಿಕೊಂಡಿತು. ಕಣದ ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸರು, “ಎಂತ ಮಾರಾಯ ಮಂಜಯ್ಯ, ಮೆಣಸು ಬಿಟ್ಟು ಈಗ ಗಾಳೀಲಿ ನೇಯ್ಗೆ ಮಾಡ್ತಿದೀಯಾ?” ಎಂದು ಕಾಡಿದರು. ಅವನು ತಲೆ ಎತ್ತದೆ ನಗುತ್ತಿದ್ದ. ತಿಂಗಳು ಮುಗಿಯುವಷ್ಟರಲ್ಲಿ ಲೈನನ್ನು ಸಲೀಸಾಗಿ ಅರವತ್ತು ಅಡಿಯ ತನಕ ಬಿಡುತ್ತಿದ್ದ. ಒಂದು ಸಂಜೆ, “ಸರ್, ಇದ್ರಲ್ಲಿ ಸೊಂಟ ಬೇಕಿಲ್ಲ ಅಲ್ದಾ?” ಎಂದು ಕೇಳಿದ. ಬೇಕಿಲ್ಲ, ಮಣಿಕಟ್ಟು ಇದ್ದರೆ ಸಾಕು ಎಂದೆ. ಅವನು ತನ್ನ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಈಗ ಇಂಬಳದ ಮಾತು. ನಮ್ಮ ಕಡೆ ಮಳೆ ನಿಂತರೂ ತರಗೆಲೆ ಆರುವವರೆಗೆ ಈ ಜಿಗಣೆಗಳ ಕಾಟ ತಪ್ಪಿದ್ದಲ್ಲ. ಹೊಳೆಗೆ ಇಳಿಯುವ ದಾರಿಯಲ್ಲಿ ಬೆಂಗಳೂರಿನ ಅತಿಥಿಗಳ ಕಾಲಿಗೆ ಎರಡು ಹತ್ತಿದರೆ ಸಾಕು, ಅಲ್ಲಿಂದಲೇ ವಾಪಸು. ಪೇಟೆಯಲ್ಲಿ ಸಿಗುವ, ಸೊಳ್ಳೆ ಹುಳು ಓಡಿಸುವ ಸ್ಪ್ರೇ ಇಂಬಳಕ್ಕೂ ಆಗುತ್ತದೆ. ಆದರೆ ಆ ಸ್ಪ್ರೇ ಕೈಗೆ ತಾಗಿ, ಕೈ ಲೈನಿಗೆ ತಾಗಿದರೆ ಪ್ಲಾಸ್ಟಿಕ್ ಹೊದಿಕೆ ಕೆಟ್ಟುಹೋಗುತ್ತದೆ. ಇದು ನನ್ನ ಕಸುಬಿನವರಿಗೆಲ್ಲ ಗೊತ್ತು. ಮೊದಲ ದಿನವೇ ಹೊಳೆದಾರಿಯಲ್ಲಿ ಸ್ಪ್ರೇ ಬೇಡವೇ ಬೇಡ ಎಂದು ಕಟ್ಟಪ್ಪಣೆ ಮಾಡಿದೆ.

ಅದಕ್ಕೆ ಬದಲಾಗಿ ಇದ್ದದ್ದು ಅಮ್ಮೋರ ಎಣ್ಣೆ. ಗೌಡರ ಹೆಂಡತಿ ಸುನಂದಮ್ಮನವರನ್ನು ಎಸ್ಟೇಟಿನಲ್ಲಿ ಎಲ್ಲರೂ ಅಮ್ಮೋರು ಎನ್ನುತ್ತಿದ್ದರು. ಬೇವಿನೆಣ್ಣೆ, ಹೊಂಗೆ ಎಣ್ಣೆ, ಹೊಗೆಸೊಪ್ಪು, ಕರ್ಪೂರ ಹಾಕಿ ಅವರ ಅತ್ತೆಯ ಕಾಲದಿಂದ ಮನೆಯಲ್ಲಿ ಮಾಡುತ್ತಿದ್ದ ಎಣ್ಣೆ. ತೋಟಕ್ಕೆ ಇಳಿಯುವವರೆಲ್ಲ ಗೇಟಿನ ಹತ್ತಿರ ನಿಂತು ಕಾಲಿಗೆ ಹಚ್ಚಿಸಿಕೊಂಡೇ ಮುಂದೆ ಹೋಗುವುದು ಅಲ್ಲಿಯ ರೂಢಿ. ಹೋಂಸ್ಟೇ ಶುರುವಾದ ಮೇಲೆ ಅದೇ ಎಣ್ಣೆ ಚಂದದ ಗಾಜಿನ ಬಾಟಲಿಗೆ ಬಂತು. ‘ಶುದ್ಧ ಗಿಡಮೂಲಿಕೆ, ರಾಸಾಯನಿಕ ರಹಿತ’ ಎಂಬ ಲೇಬಲ್ ಬಂತು. ಹೊರಡುವಾಗ ಅತಿಥಿಗಳು ನಾಲ್ಕು ನಾಲ್ಕು ಬಾಟಲಿ ಒಯ್ಯುತ್ತಿದ್ದರು. ನಾನು ಲೇಬಲ್ ಓದಿ ಸುಮ್ಮನಾಗಲಿಲ್ಲ, ಅಮ್ಮೋರನ್ನೇ ಕೇಳಿದೆ.

“ಇದ್ರಲ್ಲಿ ಬೇರೆ ಏನೂ ಹಾಕಲ್ವಲ್ಲ ಅಮ್ಮೋರೆ?”

“ಅಯ್ಯೋ, ಮಗೂಗೂ ಹಚ್ಚಬಹುದು ಕಣ್ರಿ” ಎಂದರು.

ಹೊಳೆಗೆ ಇಳಿಯುವ ಮೊದಲು ಅತಿಥಿಗಳ ಕಾಲಿಗೆ ಎಣ್ಣೆ ಹಚ್ಚುವ ಕೆಲಸ ಮಂಜಯ್ಯನದಾಯಿತು. ಬೊಗಸೆಗೆ ಸುರಿದುಕೊಂಡು, ಕುಕ್ಕರಗಾಲಿನಲ್ಲಿ ಕೂರಲಾಗದೆ ಒಂದು ಮೊಣಕಾಲೂರಿ, ಒಬ್ಬೊಬ್ಬರ ಪಾದದಿಂದ ಮೊಣಕಾಲಿನವರೆಗೆ ತಿಕ್ಕುತ್ತಿದ್ದ. ಅತಿಥಿಗಳಿಗೆ ಅದು ಬಹಳ ಇಷ್ಟ, ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಅದೇ ಕೈಯನ್ನು ಹೆಗಲ ಟವೆಲ್ಲಿಗೆ ಒರೆಸಿ ರಾಡುಗಳನ್ನು ಕೂಡಿಸಿ, ರೀಲಿನಿಂದ ಲೈನ್ ಎಳೆದು ಬಳೆಗಳಲ್ಲಿ ಹಾಯಿಸಿ ಕೊಡುತ್ತಿದ್ದ.

ಅಕ್ಟೋಬರ್ ಕೊನೆಯಿಂದ ಹೋಂಸ್ಟೇಯ ಅತಿಥಿಗಳು ಹೊಳೆಗೆ ಬರತೊಡಗಿದರು. ಎರಡು ವಾರ ಎಲ್ಲವೂ ಸೊಗಸಾಗಿತ್ತು. ಮೂರನೆಯ ವಾರ ಒಂದು ಲೈನ್ ಬೆರಳಿಗೆ ಅಂಟಂಟಾಗಿ ಸಿಕ್ಕಿತು. ಕೆಸರಿರಬಹುದು ಎಂದು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಹರವಿದೆ. ಮಾರನೆಯ ದಿನ ಮೂರೂ ಹಾಗೇ ಆದವು. ಎಸೆದರೆ ಲೈನ್ ಬಳೆಗಳಲ್ಲಿ ಜಾರದು, ನೀರಿನ ಮೇಲೆ ತೇಲದು. ನನಗೆ ತಲೆ ಕೆಟ್ಟುಹೋಯಿತು. ಅಂಗಡಿಯವನು ಡೂಪ್ಲಿಕೇಟ್ ಮಾಲು ಕಟ್ಟಿದನೇ ಎಂದು ಫೋನಿನಲ್ಲೇ ಅವನ ಮೇಲೆ ಹರಿಹಾಯ್ದೆ. ನೆಟ್‌ವರ್ಕ್ ಸಿಗದೆ ಮಾತು ಅರ್ಧಕ್ಕೇ ಕಡಿಯಿತು.

ಅದರ ಮರುದಿನವೇ ಜಾಗ ನೋಡಲು ಟೂರ್ ಕಂಪನಿಯ ಪ್ರತಿನಿಧಿ ಬಂದ. ವಿಕ್ರಮ್ ಎಂದು ಕರೆಯೋಣ. ಕಸುಬು ಬಲ್ಲವನು, ಮಾತು ಕಡಿಮೆ. ದಿನ ಮುಂದೂಡಿ ಎಂದು ನಾನು ಗೌಡರಿಗೆ ಮುಂಚೆಯೇ ಹೇಳಿದ್ದೆ. “ಬರೋರನ್ನ ಬೇಡ ಅನ್ನೋಕಾಗತ್ತೇನ್ರೀ?” ಎಂದು ಅವರು ನನ್ನ ಮಾತನ್ನು ತಳ್ಳಿಹಾಕಿದ್ದರು. ಇದ್ದುದರಲ್ಲಿ ಮೇಲು ಅನ್ನಿಸಿದ ಲೈನನ್ನು ಮತ್ತೆ ತೊಳೆದು ವಿಕ್ರಮನ ರಾಡಿಗೆ ಹಾಕಿದೆವು. ಮಂಜಯ್ಯ ಅವನ ಕಾಲಿಗೂ ಪ್ರೀತಿಯಿಂದ ಎಣ್ಣೆ ತಿಕ್ಕಿದ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೆಳಗಿನ ದೊಡ್ಡ ಗುಂಡಿಯಲ್ಲಿ ಮಶೀರ್ ಕಚ್ಚಿತು. ಅದು ನೀರು ಸೀಳಿಕೊಂಡು ಕೆಳಕ್ಕೆ ಓಡಿದ ಪರಿಯಲ್ಲೇ ದೊಡ್ಡ ಮೀನು ಎಂದು ಗೊತ್ತಾಯಿತು. ರೀಲ್ ಕಿರುಗುಟ್ಟಿತು. ಮಂಜಯ್ಯ ಸೊಂಟದ ನೋವು ಮರೆತು ಬಂಡೆಯಿಂದ ಬಂಡೆಗೆ ದಾಟುತ್ತ, “ಬಿಡಿ ಸರ್, ಓಡ್ಲಿ ಬಿಡಿ” ಎಂದು ಕೂಗುತ್ತಿದ್ದ. ಆಮೇಲೆ ರಾಡಿನ ತುದಿ ಒಮ್ಮೆಲೇ ಬಾಗಿ ನಿಂತಿತು. ಲೈನಿನ ಹೊದಿಕೆ ಬಿರಿದು, ಒಳಗಿನ ನೂಲಿನ ಮೇಲೆ ಮೇಲಕ್ಕೆ ಸರಿಸಿದ ಅಂಗಿಯ ತೋಳಿನ ಹಾಗೆ ಸುಕ್ಕುಗಟ್ಟಿ, ತುದಿಯ ಬಳೆಯಲ್ಲಿ ಸಿಕ್ಕಿಬಿದ್ದಿತ್ತು. ಲೈನಿಗೂ ಕೊಕ್ಕೆಗೂ ನಡುವೆ ಕಟ್ಟುವ ಸಣ್ಣ ನೈಲಾನ್ ಎಳೆ ಪಟ್ಟನೆ ಕಡಿಯಿತು. ಬಾಯಲ್ಲಿ ಕೊಕ್ಕೆ ಹೊತ್ತುಕೊಂಡೇ ಮೀನು ಹೋಯಿತು.

ವಿಕ್ರಮ್ ಕೂಗಾಡಲಿಲ್ಲ. ಲೈನನ್ನು ಬೆರಳಲ್ಲಿ ಎಳೆದು ನೋಡಿದ. “ಇಂಥ ಲೈನ್ ಹಾಕಿ ಮೀನಿಗೆ ಹಿಂಸೆ ಕೊಡಬಾರದು. ನಮ್ಮ ಅತಿಥಿಗಳನ್ನ ನಾನು ಕಳಿಸೋಕಾಗಲ್ಲ” ಎಂದ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಹೋದ.

ಸಂಜೆ ಗೌಡರು ಜಗಲಿಯ ಮೇಲೆ ನನ್ನನ್ನೂ ಮಂಜಯ್ಯನನ್ನೂ ಕರೆಸಿದರು. ಅಷ್ಟರಲ್ಲೇ ಅವರ ತೀರ್ಮಾನ ಆಗಿತ್ತು. ಮಂಜಯ್ಯ ಲೈನನ್ನು ಬಂಡೆಗಳ ಮೇಲೆ ಎಳೆದಾಡಿ ಹಾಳುಮಾಡಿದ್ದಾನೆ. ಮರ ಹತ್ತುವವನ ಕೈಗೆ ನಯದ ಸಾಮಾನು ಕೊಟ್ಟದ್ದೇ ತಪ್ಪು. ಮಂಜಯ್ಯ ಮೆಟ್ಟಿಲ ಕೆಳಗೆ ನಿಂತು ಕೇಳಿದ. “ಬಂಡೆಗೆ ತಾಗ್ಸಿಲ್ಲ ಅಯ್ಯಾ, ದೇವ್ರಾಣೆ” ಎಂದಷ್ಟೇ ಹೇಳಿದ.

“ಬಂಡೆಗೆ ಉಜ್ಜಿದ್ರೆ ಗೀರು ಬೀಳತ್ತೆ ಗೌಡ್ರೇ, ಅಂಟಾಗಲ್ಲ” ಎಂದೆ ನಾನು. “ನನ್ಗೆ ಎರಡು ದಿನ ಕೊಡಿ.”

ಆ ರಾತ್ರಿ ಸಿಟ್ಟಿನಲ್ಲೇ ಮೂರೂ ರೀಲುಗಳ ಲೈನ್ ಪೂರ್ತಿ ಬಿಚ್ಚಿದೆ. ನೋಡಿದರೆ ಮೂರರಲ್ಲೂ ಹೊರಗಿನ ಭಾಗ ಮಾತ್ರ ಕೆಟ್ಟಿತ್ತು. ರೀಲಿನ ಒಳಗೆ ಸುತ್ತಿಕೊಂಡೇ ಉಳಿದಿದ್ದ ಭಾಗ ಅಂಗಡಿಯಿಂದ ತಂದ ದಿನದಂತೆಯೇ ನುಣ್ಣಗಿತ್ತು. ಮಾಲು ಕಳಪೆಯಾಗಿದ್ದರೆ ಪೂರ್ತಿ ಕೆಡಬೇಕಿತ್ತು. ಬೆಳಿಗ್ಗೆ ಬಣಕಲ್ಲಿಗೆ ಹೋಗಿ, ನೆಟ್‌ವರ್ಕ್ ಸಿಗುವ ಕಡೆ ನಿಂತು ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಒಂದೇ ಪ್ರಶ್ನೆ ಕೇಳಿದ. “ಸರ್, ಲೈನ್ ಹಿಡಿಯೋ ಕೈಗೆ ಏನು ಹಚ್ಕೊಳ್ತೀರಿ?”

ಸ್ಪ್ರೇ ಮುಟ್ಟಿಸಿಲ್ಲ, ಗಿಡಮೂಲಿಕೆ ಎಣ್ಣೆ ಮಾತ್ರ ಎಂದೆ. ಹೇಳುತ್ತಿದ್ದ ಹಾಗೆಯೇ ನನಗೆ ಅನುಮಾನ ಹುಟ್ಟಿತು. ವಾಪಸು ಬಂದು ಕೆಡದ ಭಾಗದಿಂದ ಎರಡು ತುಂಡು ಕತ್ತರಿಸಿ, ಒಂದನ್ನು ನೀರಿನ ಲೋಟದಲ್ಲಿ, ಇನ್ನೊಂದನ್ನು ಅಮ್ಮೋರ ಎಣ್ಣೆಯ ಲೋಟದಲ್ಲಿ ಹಾಕಿಟ್ಟೆ. ಮರುದಿನ ನೀರಿನ ತುಂಡು ಹಾಗೇ ಇತ್ತು. ಎಣ್ಣೆಯ ತುಂಡನ್ನು ಬೆರಳಲ್ಲಿ ಎಳೆದರೆ ಹೊದಿಕೆ ಜಾರಿಕೊಂಡು ಕೈಗೇ ಬಂತು. ಲೋಟ ಮೂಗಿಗೆ ಹಿಡಿದೆ. ಕರ್ಪೂರದ ಘಾಟಿನ ಅಡಿಯಲ್ಲಿ ಸೀಮೆಎಣ್ಣೆ.

ಎರಡೂ ಲೋಟಗಳನ್ನು ಹಿಡಿದು ಜಗಲಿಗೆ ಹೋದೆ. ಗೌಡರು, ಅಮ್ಮೋರು ಇಬ್ಬರೂ ಕಾಫಿ ಕುಡಿಯುತ್ತಿದ್ದರು. ತೋರಿಸಿದೆ, ವಿವರಿಸಿದೆ. ಗೌಡರು ಹೆಂಡತಿಯ ಮುಖ ನೋಡಿದರು. ಅಮ್ಮೋರು ಸೆರಗು ಸರಿಮಾಡಿಕೊಂಡು ಹೇಳಿದರು, “ಸೀಮೆಎಣ್ಣೆ ಒಂಚೂರು ಹಾಕ್ದೆ ಇಂಬಳ ಬಿಡತ್ತಾ? ನಮ್ಮತ್ತೇನೂ ಹಾಕ್ತಿದ್ರು. ಅದನ್ನೆಲ್ಲ ಬಾಟ್ಲಿ ಮೇಲೆ ಬರೀತಾರಾ ಯಾರಾದ್ರೂ?”

ನನಗೆ ಮನಸ್ಸು ಹಗುರಾಯಿತು. ಕಾರಣ ಸಿಕ್ಕಿತಲ್ಲ. ಹೊಳೆಯ ದಾರಿಯಲ್ಲಿ ಒಂದು ನಲ್ಲಿ, ಒಂದು ಸೋಪು ಇಟ್ಟರೆ ಮುಗಿಯಿತು, ನಾನೇ ವಿಕ್ರಮನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳುತ್ತೇನೆ, ಅವನು ಕಸುಬು ಬಲ್ಲವನು, ಒಪ್ಪುತ್ತಾನೆ ಎಂದೆ. ಗೌಡರು ಕಾಫಿ ಲೋಟ ಕೆಳಗಿಟ್ಟರು.

“ಏನಂತ ಹೇಳ್ತೀರಿ? ನಮ್ಮನೆ ಎಣ್ಣೆ ಪ್ಲಾಸ್ಟಿಕ್ ಕರಗಿಸತ್ತೆ ಅಂತಲಾ? ಕೊಂಡೋರೆಲ್ಲ ಮಕ್ಳ ಕಾಲಿಗೆ ಹಚ್ತಿದಾರೆ. ಒಬ್ಬ ಅದನ್ನ ಫೋನಲ್ಲಿ ಹಾಕಿದ್ರೆ ಹೋಂಸ್ಟೇ ಬಾಗ್ಲು ಮುಚ್ಬೇಕು. ಲೈನ್ ಹಾಳಾಗಿದ್ದು ಗೈಡಿನಿಂದ. ಗೈಡನ್ನ ಬದಲಾಯಿಸಿದೀವಿ. ಅಷ್ಟು ಹೇಳಿದ್ರೆ ಕಂಪನಿಯವ್ರಿಗೆ ಸಾಕು.”

“ಅದು ಸುಳ್ಳಲ್ವಾ ಗೌಡ್ರೇ?”

“ನೀವು ಸುಮ್ನಿರಿ. ನಿಮ್ದೇನು ಹೋಗತ್ತೆ?”

ನಾನು ಅಮ್ಮೋರ ಕಡೆ ನೋಡಿದೆ. ಮಂಜಯ್ಯ ಮರದಿಂದ ಬಿದ್ದಾಗ ಆಸ್ಪತ್ರೆಗೆ ಗಂಜಿ ಕಳಿಸಿದ್ದವರು ಅವರೇ. ಅವರು ಎಣ್ಣೆಯ ಲೋಟ ಎತ್ತಿಕೊಂಡು ಒಳಗೆ ಹೋದರು. ನೀರಿನ ಲೋಟ ಅಲ್ಲೇ ಉಳಿಯಿತು. ಆ ಹೊತ್ತು ಸಿಟ್ಟಿನಲ್ಲಿ ಏನೇನು ಮಾತಾಡಿದೆನೆಂದು ಪೂರ್ತಿ ನೆನಪಿಲ್ಲ. ಒಬ್ಬನ ಮನೆ ಕಿತ್ತುಕೊಂಡು ಬಾಟಲಿಯ ಲೇಬಲ್ ಉಳಿಸಿಕೊಳ್ಳುತ್ತೀರಲ್ಲ ಎಂದದ್ದು ನೆನಪಿದೆ. ಕೆಲಸ ಬಿಡುತ್ತೇನೆ ಎಂದೆ. ಬಿಡಿ ಎಂದರು.

ಊರಿಗೆ ಹೊರಡುವ ಮುಂಚೆ ಮಂಜಯ್ಯನ ಕ್ವಾರ್ಟರ್ಸಿಗೆ ಹೋದೆ. ಕೊಯ್ಲಿನ ಆಳುಗಳು ಬರುವುದರೊಳಗೆ ಮನೆ ಖಾಲಿ ಮಾಡಬೇಕೆಂದು ಮೇಸ್ತ್ರಿ ಹೇಳಿಹೋಗಿದ್ದ. ಅವನ ಹೆಂಡತಿ ನನ್ನ ಜತೆ ಮಾತಾಡಲಿಲ್ಲ, ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದಳು. ಮಂಜಯ್ಯ ಹೊರಗೆ ಬಂದು ಕೇಳಿದ.

“ಸರ್, ನಿಜ ಹೇಳಿ. ನನ್ನ ಕೈಯಿಂದ್ಲೇ ಹಾಳಾಯ್ತಾ?”

“ನಿನ್ನ ಕೈಯಲ್ಲಿದ್ದ ಎಣ್ಣೆಯಿಂದ ಹಾಳಾಯ್ತು. ಅಮ್ಮೋರು ಅದಕ್ಕೆ ಸೀಮೆಎಣ್ಣೆ ಹಾಕಿದ್ರು. ನಿಂದೇನೂ ತಪ್ಪಿಲ್ಲ. ಅವರಿಗೂ ಅದು ಗೊತ್ತು.”

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ, “ಹಂಗಾರೆ ನನ್ನ ಕೈದೇ ಅಲ್ವಾ ಸರ್” ಎಂದ. ಅಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಗೌಡರು ಜಗಲಿಯ ಮೇಲೆ ಒಂದು ಸಲ ಜೋರಾಗಿ ಹೇಳಿದ ಮಾತು ಅವನಲ್ಲಿ ಆಗಲೇ ಕೂತುಬಿಟ್ಟಿತ್ತು. ವಿಕ್ರಮನಿಗೆ ನಾನೇ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಹೌದಾ, ಪಾಪ ಎಂದ. ಗೈಡನ್ನು ಇಡುವುದು ಬಿಡುವುದು ಎಸ್ಟೇಟಿನವರ ವಿಷಯ, ತನ್ನದಲ್ಲ ಎಂದ.

ಮುಂದಿನ ವರ್ಷ ಮಳೆ ಕಳೆದ ಮೇಲೆ ನಾನು ಆ ಎಸ್ಟೇಟಿಗೆ ಒಮ್ಮೆ ಹೋಗಬೇಕಾಯಿತು. ನನ್ನ ಸ್ವಂತದ ಹಳೆಯ ರಾಡೊಂದು ಅಲ್ಲೇ ಗೋದಾಮಿನಲ್ಲಿ ಉಳಿದಿತ್ತು. ಅಂಗಳದ ತುಂಬ ಕಾರುಗಳಿದ್ದವು. ಎರಡರ ಮೇಲೆ ಆ ಟೂರ್ ಕಂಪನಿಯ ಹೆಸರಿತ್ತು. ಹೊಳೆಗೆ ಇಳಿಯುವ ಗೇಟಿನ ಹತ್ತಿರ ಹೊಸ ನಲ್ಲಿ, ಬಿಳಿ ಬೇಸಿನ್, ಸೋಪಿನ ಡಬ್ಬಿ ಇದ್ದವು. ಪಕ್ಕದಲ್ಲಿ ಮರದ ಹಲಗೆಯ ಮೇಲೆ ಚಂದದ ಅಕ್ಷರದಲ್ಲಿ ಬರೆಸಿದ್ದರು. ‘ಎಣ್ಣೆ ಹಚ್ಚಿದ ಕೈ ತೊಳೆದ ನಂತರವೇ ಫ್ಲೈ ಲೈನ್ ಮುಟ್ಟಿ.’ ಕೆಳಗೆ ಇಂಗ್ಲಿಷಿನಲ್ಲೂ ಇತ್ತು. ಹೊಸ ಗೈಡ್ ಒಬ್ಬ ಯೂನಿಫಾರ್ಮ್ ತೊಟ್ಟು ಅತಿಥಿಗಳಿಗೆ ಅದನ್ನು ಓದಿ ಹೇಳುತ್ತಿದ್ದ. ಅವನು ಹಿಡಿದಿದ್ದ ರಾಡುಗಳು ನಾನು ಹತ್ತಿಯ ಎಳೆ ಹಾಯಿಸಿ ಆರಿಸಿ ತಂದವೇ. ಲೈನ್ ಮಾತ್ರ ಹೊಸದು.

ಜಗಲಿಯಲ್ಲಿ ಅಮ್ಮೋರು ಒಬ್ಬರೇ ಇದ್ದರು. ಕೂರಿಸಿದರು, ಕಾಫಿ ತರಿಸಿದರು. ಬೇಡ ಎಂದರೂ ತರಿಸಿದರು.

“ನೀವು ಹೇಳಿದ್ದು ಸರೀನೇ ಇತ್ತು ಕಣ್ರಿ. ಈಗ ಏನೂ ತೊಂದ್ರೆ ಇಲ್ಲ.”

“ಹಾಗಾದ್ರೆ ಮಂಜಯ್ಯನ್ನ ಕರೆಸ್ಬಹುದಲ್ಲ ಅಮ್ಮೋರೆ.”

“ಕರ್ಸಿದ್ರೆ ಜನ ಏನಂತಾರೆ? ತಪ್ಪಿಲ್ದೋನ್ನ ಕಳಿಸಿದ್ರು ಅನ್ನಲ್ವಾ?” ಎಂದರು. ಬಹಳ ಮೆತ್ತಗಿನ ದನಿಯಲ್ಲೇ ಹೇಳಿದರು. “ಅವನಿಗೆ ಬಣಕಲ್ಲಲ್ಲಿ ಏನೋ ಕೆಲ್ಸ ಆಗಿದ್ಯಂತಲ್ಲ, ಬಿಡಿ.”

ಲೋಟ ಇಟ್ಟು, ನನ್ನ ರಾಡ್ ತೆಗೆದುಕೊಂಡು ಬಂದೆ.

ಈಗಲೂ ಹೊಸಬರು ಫೋನ್ ಮಾಡಿ, ಕಡಿಮೆ ದುಡ್ಡಿನಲ್ಲಿ ಯಾವ ರಾಡ್, ಯಾವ ಲೈನ್ ಕೊಳ್ಳಲಿ ಎಂದು ಕೇಳುತ್ತಾರೆ. ಬೇಸರವಿಲ್ಲದೆ ಹೇಳುತ್ತೇನೆ. ಬಣ್ಣಕ್ಕೆ ಮರುಳಾಗಬೇಡಿ, ನಂಬರ್ ಹೊಂದಿಸಿ, ಬಳೆಗಳನ್ನು ಹತ್ತಿಯಿಂದ ಪರೀಕ್ಷಿಸಿ, ಉಳಿಸಿದ ದುಡ್ಡನ್ನು ಲೈನಿಗೆ ಹಾಕಿ, ಲೈನ್ ಮುಟ್ಟುವ ಮುನ್ನ ಕೈ ತೊಳೆಯಿರಿ. ಈ ಕಸುಬು ನನಗೆ ಕಲಿಸಿದ ಇನ್ನೊಂದು ಪಾಠವನ್ನು ಯಾರೂ ಕೇಳುವುದಿಲ್ಲ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವ ಕಡೆ ಏನಾದರೂ ಕೆಟ್ಟರೆ, ಕಾರಣ ಯಾವುದು ಎಂದು ಮೊದಲು ನೋಡುವುದಿಲ್ಲ. ಯಾರನ್ನು ಕಳಿಸಿದರೆ ಖರ್ಚು ಕಡಿಮೆ ಎಂದು ನೋಡುತ್ತಾರೆ. ಕಾರಣ ಗೊತ್ತಾದ ಮೇಲೆ ಅದನ್ನೂ ಸರಿಮಾಡಿಕೊಳ್ಳುತ್ತಾರೆ. ಕಳಿಸಿದವನನ್ನು ಮಾತ್ರ ಕರೆಯುವುದಿಲ್ಲ.

ಅವತ್ತು ವಾಪಸು ಬರುವಾಗ ಬಣಕಲ್ಲಿನಲ್ಲಿ ಇಳಿದು ಮಂಜಯ್ಯನನ್ನು ಹುಡುಕಿದೆ. ಹೆದ್ದಾರಿ ಬದಿಯ ಸಣ್ಣ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತು ಮಂಗಳೂರಿನಿಂದ ಘಾಟಿ ಹತ್ತಿ ಬಂದ ಬಂಗುಡೆ ಹುರಿಯುತ್ತಿದ್ದ. ಹೋಟೆಲಿನ ಹಿಂದಿನ ಕೋಣೆಯಲ್ಲೇ ಮನೆಯವರು ಮೂವರೂ ಇದ್ದಾರಂತೆ. ನನ್ನನ್ನು ಕಂಡು ಮುಖ ಅರಳಿತು. ಬೆಂಚು ಒರೆಸಿ ಕೂರಿಸಿದ. ಗೇಟಿನ ಹತ್ತಿರದ ಹಲಗೆಯ ವಿಷಯ ಅವನಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಹೇಳಿದೆ. ನೋಡು, ಎಣ್ಣೆಯದೇ ತಪ್ಪು ಎಂದು ಅವರೇ ಬರೆದು ಹಾಕಿದ್ದಾರೆ, ನಿನ್ನದೇನೂ ಇರಲಿಲ್ಲ ಎಂದೆ. ಅವನು ಹೂಂಗುಟ್ಟಿದ.

ಆಮೇಲೆ ಹಿಂದೆ ಹೋಗಿ ನಲ್ಲಿ ತಿರುಗಿಸಿದ. ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆಯುವುದು ನಾನು ಕೂತಲ್ಲಿಂದ ಕಾಣುತ್ತಿತ್ತು. ಬಾಳೆಲೆಯ ತುಂಡಿನ ಮೇಲೆ ಮೀನು ಹಾಕಿಕೊಂಡು ಬಂದು ನನ್ನ ಮುಂದಿಟ್ಟ. ಇಟ್ಟ ಮೇಲೂ ಅಲ್ಲಿಂದ ಕದಲದೆ, ಎರಡೂ ಅಂಗೈಗಳನ್ನು ನನ್ನ ಕಡೆ ತಿರುಗಿಸಿ ಹಿಡಿದು ನಿಂತ.

“ತಿನ್ನಿ ಸರ್” ಎಂದ. “ಕೈ ತೊಳ್ದಿದೀನಿ, ನೋಡಿ.”